ಅಳತೆಗಳು ದಾಟಲಿಲ್ಲ

ಹಳೇ ಫೋನು ಮರೂನನ್ನು ಕಾಫಿಪುಡಿ ಮಾಡುತ್ತಿತ್ತು,
ಅರಿಶಿನವನ್ನು ಕಿತ್ತಳೆ.
ಫೋಟೋ ನೋಡಿ ಹೂಂ ಅಂದಿದ್ದ ಮದುವೆ ಹುಡುಗಿ
ಪೊಟ್ಟಣ ಬಿಚ್ಚಿ ಮೇಜಿಗೆಸೆದಳು:
"ಇದು ನಾನು ಹೇಳಿದ ಬಣ್ಣವೇ ಅಲ್ಲ."

ಅದಕ್ಕೇ ಚೀಟಿ ಎತ್ತಿದ ದುಡ್ಡಲ್ಲಿ
ದುರ್ಗಿಗುಡಿಯ ಮಹಡಿ ಅಂಗಡಿಯಿಂದ
ಯಾರೋ ಎರಡು ವರ್ಷ ಬಳಸಿಬಿಟ್ಟ ಐಫೋನು ತಂದೆ.
ಕಚ್ಚಿದ ಹಣ್ಣಿಗೆ ಇಷ್ಟು ಬೆಲೆಯೇ
ಅಂದರು ಪಕ್ಕದ ಬೀಗದ ರಿಪೇರಿಯವರು.

ಅಂಗಡಿ ಹುಡುಗ ಸುಹೇಲ
ಎರಡನ್ನೂ ಪಕ್ಕಪಕ್ಕ ಮಲಗಿಸಿದ.
"ಮುಟ್ಟಬೇಡಿ ಅಕ್ಕ, ಅದು ಇದಕ್ಕೆ ಹೇಳಿಕೊಡ್ತಾ ಇದೆ."
ಒಂದು ಗಂಟೆ ನಲವತ್ತು ನಿಮಿಷ
ನೀಲಿ ಗೆರೆ ತೆವಳಿತು.
ನಡುವೆ ಕರೆಂಟು ಹೋಗಿ ಫ್ಯಾನು ನಿಂತಿತು,
ಏಪ್ರಿಲ್ಲಿನ ಬೆವರು ನನ್ನ ಬೆನ್ನ ಹೊಲಿಗೆ ಹಿಡಿದು ಇಳಿಯಿತು.
ಗೆರೆಗೆ ಅದೇನೂ ಗೊತ್ತಾಗಲಿಲ್ಲ.

ಬಂದವು ಐದು ಸಾವಿರ ಕುತ್ತಿಗೆಗಳು:
ಪಾಟ್ ನೆಕ್ಕು, ಬೋಟ್ ನೆಕ್ಕು, ಬೆನ್ನಿಗೆ ದಾರ ಕಟ್ಟಿದವು.
ಬಂದರು 'ಲೈನಿಂಗ್ ಅಂಗಡಿ', 'ಗುಂಡಿ ಪಾಷಾ',
'ದುಡ್ಡು ಕೊಡದ ಟೀಚರ್'.
ಬರಲಿಲ್ಲ
ಚೂಡಾಮಣಿಯ ದನಿ.

ಆರು ವರ್ಷ ನನ್ನಂಗಡಿ ಟೇಪು
ಅವಳ ಕೊರಳಲ್ಲಿತ್ತು.
ಓದು ಬರಹ ಬಾರದು. ಅಳೆಯುವಳು,
ಪರದೆಯಾಚೆ ಬಂದು ವಾಟ್ಸಾಪಿಗೆ ಪಿಸುಗುಡುವಳು:
"ಸೊಸೈಟಿ ಕ್ಲಾರ್ಕಮ್ಮ. ಎದೆ ಮೂವತ್ತಾರು. ತೋಳು ಒಂಬತ್ತು.
ಎಡಭುಜ ಇಳಿದಿದೆ,
ಅವರಿಗೆ ಹೇಳಬೇಡ, ಒಳಗೊಂದು ಪ್ಯಾಡು ಇಡು."
ಊರಿನ ಅರ್ಧ ಹೆಂಗಸರ ಗುಟ್ಟು
ಹನ್ನೆರಡು ಹನ್ನೆರಡು ಸೆಕೆಂಡು.

ಕಳೆದ ದೀಪಾವಳಿಗೆ ಒಂದು ಮಾತು ಹೆಚ್ಚಾಯಿತು,
ಕೂಲಿ ಕಡಿಮೆಯಾಯಿತು.
ಈಗ ಸವಳಂಗ ರಸ್ತೆಯ ಆಚೆ ಬದಿ ಅವಳದೇ ಬೋರ್ಡು.
ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪು.
ಎಂಟು ತಿಂಗಳಿಂದ ಆ ತಪ್ಪನ್ನು
ದಿನಾ ಬೆಳಿಗ್ಗೆ ಶಟರ್ ಎತ್ತುತ್ತಾ ಓದುತ್ತೇನೆ.

ಸುಹೇಲನ ಹತ್ತಿರ ಓಡಿದೆ.
ಹಳೇದನ್ನು ಅವನು ಆಗಲೇ ಪೂರ್ತಿ ಅಳಿಸಿ
ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ್ದ,
ಬೆಲೆ ಚೀಟಿ ಅಂಟಿಸಿ.

ಹೊಸದಕ್ಕೆ ಹಿಂದೆ ಹೋಗುವ ಗುಂಡಿಯಿಲ್ಲ.
ಹೆಬ್ಬೆರಳು ಅಭ್ಯಾಸಕ್ಕೆ ಕೆಳಗಿನ ಮೂಲೆಗೆ ಹೋಗಿ
ಬರೀ ಗಾಜು ಮುಟ್ಟಿ ಬರುತ್ತದೆ,
ಮಾರಿದ ಮಷೀನಿನ ಪೆಡಲ್ಲು ತಡಕುವ ಕಾಲಿನ ಹಾಗೆ.
ರವಿಕೆಯಾದರೆ ಒಳಗೆ ಒಂದಿಂಚು ಬಿಡುತ್ತೇವೆ,
ನಾಳೆ ಯಾರಾದರೂ ಬಿಚ್ಚಬೇಕಾದೀತು ಅಂತ.
ಇದನ್ನು ಹೊಲಿದವರು ಬಿಟ್ಟಿಲ್ಲ.

ಹಳೇದರಲ್ಲಿ 'ಚ' ಅಂದರೆ ಸಾಕಿತ್ತು,
ಅವಳ ಇಡೀ ಹೆಸರು ನೆಗೆದು ಬರುತ್ತಿತ್ತು.
ಜಗಳವಾದ ಮೇಲೂ ಬರುತ್ತಿತ್ತು,
ಅದಕ್ಕೆ ಯಾರೂ ಹೇಳಿರಲಿಲ್ಲ.
ಹೊಸದು 'ಚಹಾ' ಅಂತು,
'ಚಂದ' ಅಂತು, 'ಚರ್ಚೆ' ಅಂತು.
ಅಕ್ಷರಕ್ಕೆ ಅಕ್ಷರ ಪೋಣಿಸಿ ಬರೆದೆ:
ಚೂಡಾಮಣಿ, ಅಳತೆಗಳೆಲ್ಲ ಹೋದವು.

ಬರೆದಾದ ಮೇಲೆ ನೆನಪಾಯಿತು,
ಅವಳು ಓದಲಾರಳು.

ಅಳಿಸಿದೆ.
ಮೈಕು ಒತ್ತಿ ಹಿಡಿದೆ.
ಮೊದಲ ಸಲ ಬರೀ ರಸ್ತೆಯ ಸದ್ದು ಹೋಯಿತು,
ಒಂದು ಸಿಟಿ ಬಸ್ಸು, ಯಾರದೋ ಕೆಮ್ಮು.
ಎರಡನೇ ಸಲ
"ಎಲ್ಲಾ ಹೋಯ್ತು ಕಣೇ" ಅಂದೆ, ಅಷ್ಟೇ.

ಆಚೆ ಬದಿಯ ಮಷೀನು ನಿಂತಿತು.
ಅಥವಾ ನನಗೆ ಹಾಗನಿಸಿತು.
ಗುಂಡಿ ಹಚ್ಚಿದೆ, ಹುಕ್ಕು ಹಚ್ಚಿದೆ,
ಸೂಜಿಗೆ ಎರಡು ಸಲ ದಾರ ತಪ್ಪಿದೆ.

ರಾತ್ರಿ ಎಂಟೂವರೆಗೆ ಟಿಂಗ್ ಅಂತು,
ನನಗಿನ್ನೂ ಪರಿಚಯವಾಗದ ಟಿಂಗ್.
ಹನ್ನೆರಡು ಸೆಕೆಂಡು.

"ಎದೆ ಮೂವತ್ತೆಂಟು. ತೋಳಿನ ಸುತ್ತು ಹದಿಮೂರು.
ಬಲಗೈ ಕತ್ತರಿ ಹಿಡಿದೂ ಹಿಡಿದೂ ದಪ್ಪ,
ಆ ಕಡೆ ಕಾಲಿಂಚು ಜಾಸ್ತಿ ಬಿಡು."

ಯಾರದು ಅಂತ ಹೇಳಿರಲಿಲ್ಲ.
ಕತ್ತರಿ ಕೆಳಗಿಟ್ಟು
ನನ್ನ ಬಲಗೈ ನೋಡಿಕೊಂಡೆ.